ಹಲ್ಲಿ ಆಸ್ಪತ್ರೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಕಚೇರಿಯ ಒಂಬತ್ತನೆಯ ಮಹಡಿಯ ಕಿಟಕಿಯಲ್ಲಿ ಲೆನ್ಸಕ್ಕ ತನ್ನ ಹೊಸ ಲೆನ್ಸನ್ನು ನಾನೂರು ಮೀಟರ್ ಆಚೆಯ ಬೋರ್ಡೊಂದರ ಕಡೆ ತಿರುಗಿಸಿದಳು. ಪರದೆಯ ಮೇಲೆ ‘ಹಲ್ಲಿ ಆಸ್ಪತ್ರೆ’ ಎಂದು ಬಂತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಹಲ್ಲಿ ಆಸ್ಪತ್ರೆಯೇ.

ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಹದಿನೆಂಟು ವರ್ಷದಿಂದ ಮೊಬೈಲ್ ಕ್ಯಾಮೆರಾಗಳಿಗೆ ಲೆನ್ಸ್ ವಿನ್ಯಾಸ ಮಾಡುತ್ತಿರುವುದರಿಂದ ಉಳಿದವರಿಗೆಲ್ಲ ಅವಳು ಲೆನ್ಸಕ್ಕ. ದೂರದ್ದನ್ನು ಹತ್ತು ಪಟ್ಟು ಹತ್ತಿರ ತರುವ ಲೆನ್ಸಿಗೆ ಉದ್ದ ಬೇಕು. ಮೊಬೈಲಿನ ದಪ್ಪವೋ ಎಂಟು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ಒಳಗೆ ಬಂದ ಬೆಳಕನ್ನು ಅವಳು ಪ್ರಿಸಂ ಇಟ್ಟು ಪಕ್ಕಕ್ಕೆ ತಿರುಗಿಸಿ, ಫೋನಿನ ಉದ್ದಕ್ಕೆ ಸಾಲಾಗಿ ಕೂರಿಸಿದ ಐದು ಪುಟ್ಟ ಲೆನ್ಸುಗಳ ಮೂಲಕ ಸಾಗಿಸುತ್ತಾಳೆ. ಇಕ್ಕಟ್ಟಿನ ಮೆಟ್ಟಿಲಲ್ಲಿ ಬೀರು ಇಳಿಸುವಂಥ ಕೆಲಸ. ತಿರುವಿನಲ್ಲಿ ಕೂದಲೆಳೆಯ ಹತ್ತರಲ್ಲೊಂದು ಪಾಲು ತಪ್ಪಿದರೂ ಚಿತ್ರ ಮಸುಕಾಗುತ್ತದೆ.

ಈ ಅಳತೆಯ ಚಾಳಿ ಮನೆಯವರೆಗೂ ಬಂದಿದೆ. ಒಮ್ಮೆ ಕಿಟಕಿ ಪರದೆ ಹೊಲಿಯಲು ಕೊಟ್ಟಾಗ ಚೀಟಿಯಲ್ಲಿ ‘1420 ಮಿ.ಮೀ., ಪ್ಲಸ್ ಅಥವಾ ಮೈನಸ್ 0.5’ ಎಂದು ಬರೆದಿದ್ದಳು. ದರ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಅಮ್ಮಾ, ಈ ಪ್ಲಸ್ಸನ್ನ ಯಾವ ಕಡೆ ಹೊಲೀಲಿ, ಮೈನಸ್ಸನ್ನ ಯಾವ ಕಡೆ ಹೊಲೀಲಿ?” ಎಂದು ಕೇಳಿದ್ದ.

ಬೋರ್ಡಿನ ವಿಷಯಕ್ಕೆ ಬರೋಣ. ನಾಲ್ಕು ವರ್ಷದಿಂದ ಅವಳು ಈ ಲೆನ್ಸನ್ನು ಪರೀಕ್ಷಿಸುತ್ತ ಬಂದಿದ್ದು ಆ ಬೋರ್ಡಿನ ಮೇಲೆಯೇ. ನೀಲಿ ಹಲಗೆ, ಅದಕ್ಕೆ ಮೊಳೆ ಹೊಡೆದು ಕೂರಿಸಿದ ದೊಡ್ಡ ಬಿಳಿ ಅಕ್ಷರಗಳು: ‘ಹಲ್ಲಿನ ಆಸ್ಪತ್ರೆ’. ಈಗ ‘ನ’ ಕಾಣುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಹೊಸ ಫೋನಿಗೆ ಅವಳ ಲೆನ್ಸು ಬೇಕೋ, ಚಿತ್ರವನ್ನು ತಾನೇ ಹಿಗ್ಗಿಸಿ ತಿದ್ದುವ ಸಾಫ್ಟ್‌ವೇರ್ ಸಾಕೋ ಎನ್ನುವುದು ಶುಕ್ರವಾರ ತೀರ್ಮಾನವಾಗುವುದಿತ್ತು. ಲೆನ್ಸು ಬೇಡವೆಂದರೆ ಅವಳನ್ನು ಬಾಗಿಲ ಗಂಟೆಯ ಕ್ಯಾಮೆರಾ ವಿಭಾಗಕ್ಕೆ ಹಾಕುತ್ತಾರೆ. ಎರಡಡಿ ದೂರದಲ್ಲಿ ನಿಂತವರ ಮೂಗು ತೋರಿಸುವುದು ಅಲ್ಲಿಯ ಕೆಲಸ.

ತೀರ್ಮಾನ ಮಾಡಬೇಕಾದ ಸಾಹೇಬರು ಬಂದು ಎರಡೂ ಕಡೆಯವರ ಚಿತ್ರ ನೋಡಿದರು. ಸಾಫ್ಟ್‌ವೇರ್ ತೆಗೆದ ಚಿತ್ರದಲ್ಲಿ ‘ಹಲ್ಲಿನ ಆಸ್ಪತ್ರೆ’ ಫಳಫಳ ಹೊಳೆಯುತ್ತಿತ್ತು.

“ಏನಮ್ಮಾ, ಹಲ್ಲಿಗೆ ಯಾರಾದ್ರೂ ಆಸ್ಪತ್ರೆ ಕಟ್ತಾರಾ?”

“ಕಟ್ತಾರಲ್ಲ ಸಾರ್, ಹಲ್ಲಿಗೇ ಕಟ್ಟಿರೋದು,” ಎಂದ ಸಾಫ್ಟ್‌ವೇರ್ ಹುಡುಗರ ಮುಖ್ಯಸ್ಥ. ಅವನನ್ನು ಎಲ್ಲರೂ ತಿದ್ದುಪಡಿ ಎಂದೇ ಕರೆಯುತ್ತಿದ್ದರು.

“ಯಾವ ಹಲ್ಲಿಗಯ್ಯಾ?”

“ಬಾಯೊಳಗಿನ ಹಲ್ಲಿಗೆ ಸಾರ್. ಅಕ್ಕನ ಲೆನ್ಸು ಒಂದಕ್ಷರ ನುಂಗಿಬಿಟ್ಟಿದೆ.”

“ಲೆನ್ಸು ಮಸುಕು ಮಾಡಬಹುದು, ಓರೆ ಮಾಡಬಹುದು,” ಎಂದಳು ಲೆನ್ಸಕ್ಕ. “ನುಂಗೋಕೆ ಅದಕ್ಕೆ ಬಾಯಿಲ್ಲಪ್ಪ. ಅಲ್ಲಿ ‘ನ’ ಇಲ್ಲ. ನಿನ್ನ ಫೋನು ಊಹೆ ಮಾಡಿ ಬರಕೊಂಡಿದೆ.”

ಸಾಹೇಬರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ ಹನ್ನೊಂದಕ್ಕೆ ಮತ್ತೊಮ್ಮೆ ನೋಡೋಣ, ಅದೇ ಕೊನೆ ಎಂದು ಹೋದರು.

ಮನೆಯಲ್ಲಿ ಅವ್ವ ಎಲ್ಲ ಕೇಳಿಸಿಕೊಂಡು, “ನಾನೂರು ಮೀಟರು ನಡಕೊಂಡು ಹೋಗಿ ನೋಡಿದ್ರೆ ನಿನ್ನ ಕಾಲು ಸವೆದುಹೋಗುತ್ತಾ?” ಎಂದಳು. ನಾಲ್ಕು ವರ್ಷದಲ್ಲಿ ಲೆನ್ಸಕ್ಕನಿಗೆ ಇದು ಹೊಳೆದೇ ಇರಲಿಲ್ಲ.

ಬುಧವಾರ ಹೋದಳು. ‘ನ’ ನಿಜಕ್ಕೂ ಉದುರಿತ್ತು. ಅದರ ಜಾಗದಲ್ಲಿ ಎರಡು ಮೊಳೆಗಳಿದ್ದವು. ಸಾಕ್ಷಿಗಿರಲಿ ಎಂದು ತನ್ನ ಫೋನಿನಲ್ಲಿ ಫೋಟೋ ತೆಗೆದಳು. ಅದು ಕಂಪನಿ ಕೊಟ್ಟ ಫೋನು, ಒಳಗಿದ್ದದ್ದು ತಿದ್ದುಪಡಿಯ ಸಾಫ್ಟ್‌ವೇರು. ಹತ್ತಡಿ ದೂರದಿಂದ ತೆಗೆದ ಫೋಟೋದಲ್ಲೂ ‘ಹಲ್ಲಿನ ಆಸ್ಪತ್ರೆ’ ಎಂದೇ ಬಂತು. ಮೂರು ಸಲ ತೆಗೆದಳು. ಮೂರನೆಯದರಲ್ಲಿ ‘ನ’ ಇನ್ನಷ್ಟು ದಪ್ಪಗಿತ್ತು.

ಇನ್ನುಳಿದದ್ದು ಒಂದೇ ದಾರಿ. ಶುಕ್ರವಾರದವರೆಗೆ ಬೋರ್ಡು ಹೀಗೇ ಇರಬೇಕು, ಸಾಹೇಬರನ್ನೇ ಕೈಹಿಡಿದು ಕರೆತಂದು ತೋರಿಸಬೇಕು. ಅವಳು ಒಳಗೆ ಹೋದಳು. ಕುರ್ಚಿಯಲ್ಲಿ ಕೂರದವರ ಜೊತೆ ಹಲ್ಲಿನ ಡಾಕ್ಟರಿಗೆ ಮಾತಾಡಿ ಅಭ್ಯಾಸವಿರಲಿಲ್ಲ.

“ಮೊದಲು ಬಾಯಿ ತೆಗೀರಿ, ಆಮೇಲೆ ಹೇಳಿ,” ಎಂದರು.

ಅವಳು ಬಾಯಿ ತೆರೆದಳು, ಡಾಕ್ಟರು ಕನ್ನಡಿ ಇಳಿಬಿಟ್ಟರು. ತುಟಿ ಕೂಡಿಸಲಾಗದ ಆ ಸ್ಥಿತಿಯಲ್ಲೇ ಅವಳು ಲೆನ್ಸು, ಪ್ರಿಸಂ, ಸಾಹೇಬರು ಎಲ್ಲವನ್ನೂ ವಿವರಿಸಿ, ಕೊನೆಗೆ ಕೈ ಮುಗಿದು, “ಶುಕ್ರವಾರದ ತನಕ ‘ನ’ ಹಾಕಿಸಬೇಡಿ,” ಎಂದಳು. ‘ಬ’ ಹೊರಡದ ಬಾಯಲ್ಲಿ ಬೇಡವೂ ಬೇಕೂ ಒಂದೇ ಆಗಿ, “ಉಕ್ಕಆರ... ನ... ಹಾಕಿಹಏ...” ಎಂದು ಕೇಳಿಸಿತು.

“ಆಯ್ತಮ್ಮ, ನೀವು ಹೇಳಿದ ಹಾಗೇ ಆಗ್ಲಿ. ಶುಕ್ರವಾರ ತಾನೇ?”

ಅವಳು ಜೋರಾಗಿ ತಲೆಯಾಡಿಸಿದಳು.

“ಅಲ್ಲಾಡಬೇಡಿ. ಕೆಳಗಡೆ ಎಡಕ್ಕೆ ಒಂದು ಹುಳುಕಿದೆ. ಸೋಮವಾರ ಬನ್ನಿ.”

ಶುಕ್ರವಾರ ಹನ್ನೊಂದಕ್ಕೆ ಸಾಹೇಬರು ಕಿಟಕಿಗೆ ಬಂದರು. ಲೆನ್ಸಕ್ಕ ಪರದೆ ನೋಡಿದಳು. ನೀಲಿ ಬೋರ್ಡಿಗೆ ಏಣಿ ಆನಿಸಿತ್ತು. ಏಣಿಯ ಮೇಲೆ ಕೆಂಪು ಅಂಗಿಯವನೊಬ್ಬ. ಅವನ ಕಂಕುಳಲ್ಲಿ, ಹಾಲು ಕುಡಿಯುವ ಕೂಸಿನಂತೆ, ಹೊಚ್ಚ ಹೊಸ ‘ನ’. ಇನ್ನೈದು ನಿಮಿಷ ಕಳೆದರೆ ಎರಡು ಚಿತ್ರಗಳೂ ಒಂದೇ ಆಗಿ, ಅವಳು ಬಾಗಿಲ ಗಂಟೆಯ ಪಾಲು.

“ನನ್ನದು ನೋಡಿ ಸಾರ್,” ಎಂದು ತಿದ್ದುಪಡಿ ತನ್ನ ಫೋನು ಚಾಚಿದ. ಚೊಕ್ಕ ಬೋರ್ಡು, ಪೂರ್ತಿ ಅಕ್ಷರ. ಏಣಿ ಇರಲಿಲ್ಲ, ಮನುಷ್ಯನೂ ಇರಲಿಲ್ಲ.

ಸಾಹೇಬರು ಹುಬ್ಬಿಗೆ ಕೈ ಅಡ್ಡ ಹಿಡಿದು ಹೊರಗೆ ಬಗ್ಗಿದರು. ದೂರದಲ್ಲೊಂದು ಕೆಂಪು ಚುಕ್ಕೆ ಮೇಲಕ್ಕೆ ಹತ್ತುತ್ತಿತ್ತು.

“ಅಲ್ಲಯ್ಯಾ, ನನ್ನ ಬರಿಗಣ್ಣಿಗೆ ಕಾಣೋದು ನಿನ್ನ ಫೋನಿಗೆ ಕಾಣಲ್ವಾ?”

“ಕಾಣುತ್ತೆ ಸಾರ್. ಅಕ್ಷರಕ್ಕೆ ಅಡ್ಡ ಬಂದದ್ದೆಲ್ಲ ಕಸ ಅಂತ ಕಲಿಸಿದೀವಿ, ತೆಗೆದುಬಿಡುತ್ತೆ.”

“ಮನುಷ್ಯನ್ನ?”

“ನೀಟಾಗಿ ತೆಗೆದಿದೆ ಸಾರ್. ಏಣಿ ಗುರುತೂ ಉಳಿದಿಲ್ಲ.”

ಸಾಹೇಬರು ಲೆನ್ಸಕ್ಕನ ಪರದೆಗೆ ಮರಳಿದರು. ಕೆಂಪು ಅಂಗಿಯವನು ಖಾಲಿ ಜಾಗದ ಮೊಳೆಗೆ ‘ನ’ವನ್ನು ತೂಗುಹಾಕುತ್ತಿದ್ದ. ಅವನ ಮೊಣಕೈಯ ತೇಪೆಯೂ ಕಾಣುತ್ತಿತ್ತು. ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ, “ಹಾಗಾದ್ರೆ ಇಷ್ಟು ದಿನ ಹಲ್ಲಿ ಆಸ್ಪತ್ರೆನೇ ಇತ್ತು ಅನ್ನಿ,” ಎಂದರು.

ಹೊಸ ಫೋನಿಗೆ ಲೆನ್ಸೇ ಇರಲಿ ಎಂದಾಯಿತು. ಆದರೆ ಇನ್ನೂ ಕಾಲು ಮಿಲಿಮೀಟರ್ ತೆಳ್ಳಗಾಗಬೇಕಂತೆ. ಲೆನ್ಸಕ್ಕ ಆ ಕೆಲಸವನ್ನು ಮಂಗಳವಾರ ಶುರು ಮಾಡುತ್ತಾಳೆ. ಸೋಮವಾರ ನಾಲ್ಕೂವರೆಗೆ ಅವಳ ಹಲ್ಲಿಗೆ ಸಿಮೆಂಟು ತುಂಬಿಸುವುದಿದೆ. ಡಾಕ್ಟರಿಗೆ ಹೇಳಬೇಕಾದದ್ದನ್ನೆಲ್ಲ ಈ ಸಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.