ತಗಡಿನ ಹಿಂಬದಿ

ಕ್ಯಾಲೆಂಡರಿಗೊಂದು ಮೊಳೆ ಬೇಕಾಗಿ ಇಂದು ಬೆಳಿಗ್ಗೆ ಹಳೆಯ ಬಿಸ್ಕೀಟಿನ ಡಬ್ಬಿ ತೆಗೆದೆ. ಮೊಳೆಯ ಬದಲು ಕೈಗೆ ಸಿಕ್ಕಿದ್ದು ಅಂಗೈಯಗಲದ ಒಂದು ತಗಡು. ಅದರ ಮೇಲೆ ನೀಲಿ ಬಣ್ಣದ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಕೆಸರುಗಳ್ಳಿ. ಮಣ್ಣು ಒಣಗಬಾರದು.’ ಮೊಳೆ ಹೊಡೆಯುವ ಕೆಲಸ ಅಲ್ಲಿಗೇ ನಿಂತಿತು.

ನೀವು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ಹೇಳಿಬಿಡಬೇಕು. ಗದಗ ಸೀಮೆಯಲ್ಲಿ ಕಳ್ಳಿಗೆ ಯಾರೂ ನೀರು ಹಾಕುವುದಿಲ್ಲ. ಹೊಲದ ಬೇಲಿಗೆ ಒಂದು ತುಂಡು ಚುಚ್ಚಿ ಮರೆತರೆ ಮುಗಿಯಿತು, ಮೊಮ್ಮಕ್ಕಳ ಕಾಲದವರೆಗೂ ಅದು ಅಲ್ಲೇ ನಿಂತಿರುತ್ತದೆ. ಹಾಗಿರುವಾಗ ಲಕ್ಷ್ಮೇಶ್ವರದ ದಾವಲಸಾಬ ಮಾಸ್ತರರು ನೀರು ಕುಡಿಯುವ ಕಳ್ಳಿಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು.

ಮಾಸ್ತರರು ಚಿತ್ರಕಲೆ ಕಲಿಸಿ ನಿವೃತ್ತರಾದವರು, ನನಗೆ ಮೂವತ್ತು ವರ್ಷದ ಸ್ನೇಹಿತರು. ಊಟಿಗೆ ಹೋದಾಗ ಈ ಗಿಡ ಕೊಂಡು, ಬಸ್ಸಿನಲ್ಲಿ ಮಗುವಿನಂತೆ ಹಿಡಿದುಕೊಂಡು ತಂದಿದ್ದರು. ಆ ಸಲ ಮಗಳ ಬಾಣಂತನಕ್ಕೆಂದು ಗಂಡಹೆಂಡತಿ ಸೋಲಾಪುರಕ್ಕೆ ಹೊರಟಿದ್ದರು. ರೈಲು ಗದಗಿನಿಂದಲೇ ಆದ್ದರಿಂದ ಈ ತಗಡು ಚುಚ್ಚಿದ ಕುಂಡ ಸಮೇತ ಬೆಟಗೇರಿಯ ನಮ್ಮ ಮನೆಗೆ ಬಂದರು.

“ಸಾಹೇಬ್ರ, ಶಿವರಾತ್ರಿ ಹೊತ್ತಿಗೆ ಬರ್ತೇನ್ರಿ. ಇದರ ಹೂವಿಂದು, ಎಲಿದು, ಎಲ್ಲಾ ಚಿತ್ರ ತಗದೇನಿ. ಚಿಗುರಿಂದು ಒಂದ ಬಾಕಿ ಐತಿ. ಇದನ್ನ ನಿಮ್ಮ ಕೈಯಾಗ ಬಿಟ್ಟು ಮತ್ಯಾರ ಕೈಯಾಗ ಕೊಡ್ಲಿ?” ಎಂದರು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವನಿಗೆ ಇಷ್ಟು ಸಾಕು. ಎದೆಯುಬ್ಬಿಸಿ ಒಪ್ಪಿಕೊಂಡೆ.

ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ, ಕೆಲವು ಸಲ ಹತ್ತಕ್ಕೆ. ಅಂದು ಮನೆಯ ಬೋಗುಣಿ, ಪಾತೇಲಿ, ಕೊನೆಗೆ ಚಹದ ಕೆಟಲಿಯೂ ತುಂಬುತ್ತವೆ. ನನ್ನ ಹೆಂಡತಿ ಗಿರಿಜಾ ಆ ನೀರಿಗೆ ಕಾವಲು. ನಾನು ದಿನಾ ಎರಡು ತಂಬಿಗೆ ಕುಂಡಕ್ಕೆ ಸುರಿಯುವುದನ್ನು ಕಂಡು ಅವಳಿಗೆ ತಡೆಯದಾಯಿತು.

“ಬ್ಯಾಳಿ ಬೇಯಿಸಾಕ ನೀರು ಅಳದು ಹಾಕಾಕತ್ತೇನಿ. ನೀವು ನೋಡಿದ್ರ ಕಳ್ಳಿಗೆ ಜಳಕಾ ಮಾಡಸ್ತೀರಿ!”

ಅಂದಿನಿಂದ ನಾನು ಕುಂಡದ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಮುಖ ತೊಳೆಯತೊಡಗಿದೆ. ಆಚೆಮನೆಯವರು ಇದೇನೋ ಹೊಸ ವ್ರತವಿರಬೇಕೆಂದು ತಿಳಿದು, ಎಷ್ಟು ದಿನದ್ದೆಂದು ಗಿರಿಜಾಳನ್ನು ಕೇಳಿದರು.

ಡಿಸೆಂಬರಿನಲ್ಲಿ ಎಲೆ ಹಳದಿಯಾಯಿತು. ನೀರು ಹೆಚ್ಚಿಸಿದೆ. ಎಲೆ ಉದುರಿತು. ಇನ್ನಷ್ಟು ಹೆಚ್ಚಿಸಿದೆ. ಹೊಸ ವರ್ಷದ ಹೊತ್ತಿಗೆ ಕುಂಡದಲ್ಲಿ ನಾಲ್ಕು ಒಣ ಕಡ್ಡಿ ಉಳಿದಿದ್ದವು. ಎಷ್ಟೋ ಜನರ ಪಿಂಚಣಿ ಕಾಗದ ಜೋಪಾನ ಮಾಡಿದ ನನ್ನ ಕೈಯಲ್ಲಿ ಒಂದು ಕಳ್ಳಿ ಬದುಕಲಿಲ್ಲವಲ್ಲ ಎಂದು ನಿಜವಾಗಿಯೂ ಅಳು ಬಂತು.

“ಖರೇ ಹೇಳಿಬಿಡ್ರಿ. ಮಾಸ್ತರ ಏನ್ ನುಂಗತಾರೇನು?” ಎಂದಳು ಗಿರಿಜಾ.

ಹೇಳಲಾಗಲಿಲ್ಲ. ಕಡ್ಡಿಗಳನ್ನು ಬೇರು ಸಮೇತ ಕಿತ್ತು ಬಚ್ಚಲ ಹಿಂದಿನ ಕೆಸರಿಗೆ ಎಸೆದೆ. ಮಲ್ಲಸಮುದ್ರದ ದಾರಿಯ ಬೇಲಿಯಿಂದ ಎಳೆಯ ಕಳ್ಳಿಯೊಂದನ್ನು ಕಡಿದು ತಂದು ಕುಂಡದಲ್ಲಿ ನೆಟ್ಟೆ. ಅದರ ಹಾಲು ಕಣ್ಣಿಗೆ ತಾಗಿ ಮೂರು ದಿನ ಒಕ್ಕಣ್ಣನಾಗಿದ್ದೆ. ಕೇಳಿದವರಿಗೆಲ್ಲ ಕಸ ಬಿತ್ತು ಎಂದೆ. ಮಾಸ್ತರರಿಗೆ ದೃಷ್ಟಿ ಮಂಜಾಗಿದೆ, ನಡೆದೀತು ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಗಿಡಗಳ ಚಿತ್ರ ಬರೆದೇ ಆಯುಷ್ಯ ಕಳೆದವರ ಬಗ್ಗೆ ಹೀಗೆ ಯೋಚಿಸಿದ ನನ್ನ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ಶಿವರಾತ್ರಿ ಕಳೆದ ಮೂರನೆಯ ದಿನ ಮಾಸ್ತರರು ಸೋಲಾಪುರದ ಶೇಂಗಾ ಚಟ್ನಿ ಹಿಡಿದು ಬಂದರು. ಕುಂಡದ ಮುಂದೆ ನಿಂತರು. ಚಷ್ಮಾ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಬಾಳ ಸುಧಾರಿಸೈತ್ರಿ,” ಎಂದಷ್ಟೇ ಹೇಳಿ ಊಟಕ್ಕೆ ಕುಳಿತರು.

ಕೈ ತೊಳೆಯಲು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾವಿಬ್ಬರೂ ಹೋಗಿ ನೋಡಿದರೆ, ಬಚ್ಚಲ ನೀರು ಹರಿಯುವ ಕಡೆ ಕೆಸುವಿನ ಎಲೆ ಸರಿಸಿಕೊಂಡು ಕೂತಿದ್ದಾರೆ. ಬಿಳಿ ಪಾಯಿಜಾಮದ ಅಂಚು ಕೆಸರಾಗಿದೆ. ಅವರ ಮುಂದೆ ಕಪ್ಪು ಮಣ್ಣಿನಿಂದ ಹತ್ತಾರು ಕೆಂಪು ಮೊಳಕೆಗಳು ತಲೆಯೆತ್ತಿವೆ.

“ವೈನಿ, ಒಂದು ಕಾಗದ ಪೆನ್ಸಿಲ್ ಕೊಡ್ರಿ, ಜಲ್ದಿ,” ಎಂದರು. ಚಿತ್ರ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಸಾಹೇಬ್ರ, ಕುಂಡದಾಗ ಇರಾವ್ರು ಯಾರ್ರಿ? ನಿಮ್ಮ ಬೀಗರೇನು?”

ನಾನು ತಪ್ಪೊಪ್ಪಿಕೊಂಡೆ. ಅವರು ನಗುತ್ತ ಹೋಗಿ ಕುಂಡದ ತಗಡು ಕಿತ್ತು ತಂದು ತಿರುಗಿಸಿ ಹಿಡಿದರು. ಅಲ್ಲಿ ಬರೆದಿತ್ತು: ‘ಚಳಿಗೆ ಒಣಗುತ್ತದೆ. ಸತ್ತಿರುವುದಿಲ್ಲ. ಕಾಯಿರಿ.’

“ಫೈಲಿನ ಮ್ಯಾಲೆ ‘ಹಿಂಬದಿ ನೋಡಿರಿ’ ಅಂತ ಮೂವತ್ತು ವರ್ಷ ಬರದವ್ರು ನೀವು!”

ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಇಂಥ ಕೆಸರು ಲಕ್ಷ್ಮೇಶ್ವರದಲ್ಲಿ ತಮಗೆ ಸಿಗುವುದಿಲ್ಲವೆಂದು ಮಾಸ್ತರರು ಗಿಡವನ್ನು ನಮ್ಮಲ್ಲೇ ಬಿಟ್ಟರು. ನಾನು ನಾಚಿಕೆಯಿಂದ ತಗಡನ್ನು ಮೊಳೆಯ ಡಬ್ಬಿಗೆ ಹಾಕಿದೆ. ಅಂದಿನಿಂದ ಪ್ರತಿ ವರ್ಷ ಚಿಗುರಿನ ಹೊತ್ತಿಗೆ ಅವರು ಪೆನ್ಸಿಲ್ ಚೀಲ ಹಿಡಿದು ಬರುತ್ತಾರೆ.

ಈ ವರ್ಷ ಬರುವುದು ಕಷ್ಟ. ದೀಪಾವಳಿಗೆ ಮುಂಚೆ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಾರೆ. ನೋಡಲು ಹೋದಾಗ ನೆಲ ಹಿಡಿದಂತೆ ಕಂಡರು, ನನಗೆ ಅಂಜಿಕೆಯಾಯಿತು. ತಗಡು ಕೈಯಲ್ಲಿ ಹಿಡಿದೇ ಫೋನು ಮಾಡಿದೆ.

“ಎದ್ದೈತೇನ್ರಿ ಗಿಡ?” ಅದೇ ಅವರ ಮೊದಲ ಮಾತು.

“ಇನ್ನೂ ಇಲ್ರಿ ಮಾಸ್ತರ. ಮಲಗೈತಿ.”

“ನಾನೂ ಮಲಗೇನಿ. ಯಾರು ಮೊದಲ ಏಳತಾರ ನೋಡೂಣಂತ.”

ಬಚ್ಚಲ ಹಿಂದೆ ಹೋದೆ. ಒಣ ಕಡ್ಡಿಗಳ ಬುಡಕ್ಕೆ ಗಿರಿಜಾ ಅದಾಗಲೇ ಒಂದು ಕೊಡ ನಳದ ನೀರು ಸುರಿದಿದ್ದಳು, ನನಗೆ ಹೇಳದೆ. ತಗಡನ್ನು ಆ ಕೆಸರಿನಲ್ಲಿ ಊರಿದೆ. ಈ ಸಲ ಹಿಂಬದಿಯನ್ನು ಮುಂದೆ ಮಾಡಿ.