ಹಸಿರು ಪಟ್ಟಿ ಕುಣಿಸುವ ಸೌಂಡಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯೊಂದರಲ್ಲಿ ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟಗಳೆಲ್ಲ ಅಡುಗೆಮನೆಗೆ ವರ್ಗವಾಗಿವೆ. ಮೇಜಿನ ಮೇಲೀಗ ಒಂದು ಹಳೆಯ ಕಂಪ್ಯೂಟರು, ಅದರ ಸುತ್ತ ಸಿಕ್ಕುಸಿಕ್ಕಾದ ವೈರುಗಳು. ಸ್ವೆಟರಿನ ತೋಳನ್ನು ಮೊಣಕೈವರೆಗೆ ಸರಿಸಿಕೊಂಡ ಹೆಂಗಸೊಬ್ಬರು ಮನೆಯವರು ಹಿಂದಿನ ಸಂಜೆ ಮಾಡಿಟ್ಟ ರೆಕಾರ್ಡಿಂಗನ್ನು ತಮ್ಮ ಫೋನಿಗೆ ಹಾಕಿಕೊಂಡು, ಅದನ್ನು ಬಲಗಿವಿಯ ಪಕ್ಕ ಹಿಡಿದು ಕೇಳುತ್ತಿದ್ದಾರೆ. ಕುರ್ಚಿ ಕಿರುಗುಟ್ಟಿದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಮನೆ ನಡುಗುವಂಥ ಒಂದು ಸೀನು. ಅಷ್ಟೇ, ಬೇರೇನೂ ಇಲ್ಲ.

ಈ ಸೀನು ಯಾರದು ಎಂದು ಅವರು ಕೇಳುತ್ತಾರೆ. ಮನೆಯ ಅಳಿಯ ಮೆಲ್ಲಗೆ ಕೈಯೆತ್ತುತ್ತಾರೆ.

"ಹಾಗಾದ್ರೆ ಭಯ ಇಲ್ಲ ಬಿಡಿ. ಕಂಪ್ಯೂಟರಿಗೆ ಚೆನ್ನಾಗೇ ಕೇಳಿಸ್ತಿದೆ. ಕೇಳ್ಬೇಕಾದ್ದನ್ನ ಬಿಟ್ಟು ನಿಮ್ಮನ್ನ ಕೇಳಿಸ್ಕೊಂಡಿದೆ."

ಸುತ್ತಲಿನ ಬೀದಿಗಳಲ್ಲಿ ಇವರನ್ನು ಎಲ್ಲರೂ ಕರೆಯುವುದು ಸೌಂಡಕ್ಕ ಎಂದೇ. ಇಂಟರ್‌ನೆಟ್‌ನಲ್ಲಿ ಬರುವ ರೇಡಿಯೋ, ಪಾಠ, ಭಾಷಣ, ಕಥೆ ಇವೆಲ್ಲ ಮನೆಯ ಕಂಪ್ಯೂಟರಿನಲ್ಲಿ ಕೇಳಿಸುತ್ತವೆ. ಉಳಿಸಿಕೊಳ್ಳಲು ಹೋದರೆ ಮಾತ್ರ ಕೈಕೊಡುತ್ತವೆ. ಫೈಲು ಇರುತ್ತದೆ, ಒಳಗೆ ಸದ್ದು ಇರುವುದಿಲ್ಲ. ಇಲ್ಲವೇ ಸದ್ದು ಇರುತ್ತದೆ, ಡಬ್ಬದೊಳಗೆ ಕೂತು ಮಾತಾಡಿದಂತಿರುತ್ತದೆ. ಆಗ ಜನ ಸೌಂಡಕ್ಕನಿಗೆ ಫೋನು ಮಾಡುತ್ತಾರೆ. ಅವರು ಹಳೇ ಸ್ಕೂಟರಿನಲ್ಲಿ ಬರುತ್ತಾರೆ. ಬಂದವರು ಮೊದಲು ಕಂಪ್ಯೂಟರನ್ನಲ್ಲ, ಮನೆಯವರ ಮುಖವನ್ನು ನೋಡುತ್ತಾರೆ. ಏನು ಕಳೆದುಕೊಂಡಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತದೆ ಎನ್ನುತ್ತಾರೆ.

ಈ ಮನೆಯವರು ಕಳೆದುಕೊಳ್ಳಲಿರುವುದು ಚಿಲ್ಲರೆ ಸಂಗತಿಯಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿರುವ ಹಿರಿಯಾಕೆ, ಆ ಅಳಿಯನ ಅತ್ತೆ, ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಗಾಡಿ ಬರುವುದನ್ನು, ಹೊರಡುವುದನ್ನು, ತಡವಾಗಿರುವುದನ್ನು ಊರಿಗೆಲ್ಲ ಕೇಳುವಂತೆ ಸಾರಿದ ಕಂಠ ಅವರದು. ನಿವೃತ್ತಿಯ ಹೊತ್ತಿಗೆ ಗಂಟಲಿಗೆ ಗಡ್ಡೆ ಬಂತು. ಶಸ್ತ್ರಚಿಕಿತ್ಸೆ ಜೀವ ಉಳಿಸಿತು, ದನಿಯನ್ನು ತೆಗೆದುಕೊಂಡು ಹೋಯಿತು. ಈಗ ಮೇಜು ಕುಟ್ಟಿ ಕರೆಯುತ್ತಾರೆ, ಕೈಸನ್ನೆ ಮಾಡುತ್ತಾರೆ, ಉದ್ದದ ಮಾತಿದ್ದರೆ ಫೋನಿನಲ್ಲಿ ಬರೆದು ತೋರಿಸುತ್ತಾರೆ. ಮಗಳ ಮದುವೆಯಾದದ್ದು ಇದಾದ ಮೇಲೆ. ಹಾಗಾಗಿ ಅಳಿಯ ಅತ್ತೆಯ ದನಿಯನ್ನು ಕೇಳಿಯೇ ಇಲ್ಲ. ಅತ್ತೆಯ ಕೈಲಿ ಒಮ್ಮೆಯೂ ಬೈಸಿಕೊಳ್ಳದ ಪುಣ್ಯವಂತ ಎಂದು ಗೆಳೆಯರು ಕಿಚಾಯಿಸಿದಾಗ ಅವರೂ ನಗುತ್ತಾರಂತೆ. ಮನೆಗೆ ಬಂದು ಹೆಂಡತಿಯ ಹತ್ತಿರ, ಅಮ್ಮನ ದನಿ ಹೇಗಿತ್ತು ಎಂದು ಮತ್ತೆ ಮತ್ತೆ ಕೇಳುತ್ತಾರಂತೆ.

ನಿವೃತ್ತ ರೈಲ್ವೆ ನೌಕರರು ಕೆಲವರು ಸೇರಿ ನಡೆಸುವ ಪುಟ್ಟ ಇಂಟರ್‌ನೆಟ್ ರೇಡಿಯೋ ಒಂದಿದೆ. ಅವರಿಗೆ ಸಂಗ್ರಹಕಾರರೊಬ್ಬರಿಂದ ಹಳೆಯ ಟೇಪು ಸಿಕ್ಕಿತು. ಹಿಂದೊಮ್ಮೆ ಮಂಜು ಕವಿದು ಗಾಡಿಗಳೆಲ್ಲ ದಾರಿಯಲ್ಲೇ ನಿಂತ ದಿನ, ನಿಲ್ದಾಣದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರೊಬ್ಬರು ಬೇಸರ ಕಳೆಯಲು ತಮ್ಮ ಟೇಪ್ ರೆಕಾರ್ಡರನ್ನು ಧ್ವನಿವರ್ಧಕದ ಕೆಳಗೆ ಹಿಡಿದಿದ್ದರಂತೆ. ಅದರ ತುಂಬ ಈ ತಾಯಿಯ ದನಿ. ಟೇಪಿನ ಒಡೆಯರು ನಕಲು ಕೊಡಲು ಒಪ್ಪಿಲ್ಲ. ಎರಡು ಬಾರಿ ಪ್ರಸಾರ ಮಾಡಿ ವಾಪಸು ಕೊಡಿ, ಕೇಳುವವರು ಮನೆಯಲ್ಲಿ ಹಿಡಿದಿಟ್ಟುಕೊಂಡರೆ ತಕರಾರಿಲ್ಲ ಎಂದಿದ್ದಾರೆ. ಮೊದಲ ಪ್ರಸಾರ ನಿನ್ನೆ ಸಂಜೆ ಮುಗಿಯಿತು. ರೆಕಾರ್ಡಿಂಗು ಮುಗಿಯುವ ತನಕ ಯಾರೂ ಕೇಳುವುದು ಬೇಡ, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ಕೇಳೋಣ ಎಂದು ಅಳಿಯ ಹಟ ಹಿಡಿದಿದ್ದರು. ಯಾರ ಕಿವಿಗೂ ಬೀಳದಿರಲೆಂದು ಸದ್ದನ್ನು ಬ್ಲೂಟೂತ್ ಹೆಡ್‌ಫೋನಿಗೆ ತಿರುಗಿಸಿ, ಅದನ್ನು ದಿಂಬಿನಡಿ ಇಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಅವರದೇ ಸೀನು. ಎರಡನೆಯ ಪ್ರಸಾರ, ಅದೇ ಕೊನೆಯದು, ಇವತ್ತು ಸೂರ್ಯ ಹುಟ್ಟುವ ಹೊತ್ತಿಗೆ.

ಸೌಂಡಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕವರಿದ್ದಾಗ ಬಂದ ಜ್ವರ ಅದನ್ನು ಮುಚ್ಚಿಬಿಟ್ಟಿತು. ಸೋದರಮಾವನ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗ ಬಂಧುಗಳು, ಕಿವಿ ಇಲ್ಲದವಳಿಗೆ ಹಾಡಿನ ಅಂಗಡಿಯೇ ಬೇಕಿತ್ತೇ ಎಂದು ಆಡಿಕೊಂಡರು. ಆ ಅಂಗಡಿಯಲ್ಲೇ ಅವರು ಮುಳ್ಳು ನೋಡಲು ಕಲಿತರು. ಟೇಪಿಗೆ ಸದ್ದು ಇಳಿಯುತ್ತಿದ್ದರೆ ಯಂತ್ರದ ಮೇಲಿನ ಸಣ್ಣ ಮುಳ್ಳು ಅಲ್ಲಾಡುತ್ತದೆ. ನಿಂತರೆ ಸದ್ದು ಇಲ್ಲ, ತೀರಾ ಬಲಕ್ಕೆ ಬಿದ್ದರೆ ಸದ್ದು ಒಡೆಯುತ್ತದೆ. ಎರಡು ಕಿವಿ ಇದ್ದವರು ಹಾಡು ಕೇಳುತ್ತ ಮೈಮರೆಯುತ್ತಿದ್ದಾಗ ಇವರ ಕಣ್ಣು ಮುಳ್ಳಿನ ಮೇಲೆ ನೆಟ್ಟಿರುತ್ತಿತ್ತು.

ಕ್ಯಾಸೆಟ್ಟುಗಳ ಕಾಲ ಮುಗಿದು ಅಂಗಡಿಗೆ ಬೀಗ ಬಿತ್ತು. ಕೆಲವು ವರ್ಷ ಇವರು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹೊಡೆದರು, ಅಲ್ಲೇ ಕಂಪ್ಯೂಟರಿನ ಪರಿಚಯವಾಯಿತು. ಆಮೇಲೆ ರಿಪೇರಿ ಅಂಗಡಿಯೊಂದಕ್ಕೆ ಕೆಲಸ ಕೇಳಿಕೊಂಡು ಹೋದರು. ಕಿವಿಯ ವಿಷಯ ಕೇಳಿದ ಮಾಲೀಕ ಬೇರೆ ಕಡೆ ನೋಡಿ ಎಂದ. ಬೇರೆ ಕಡೆಯೂ ಅದೇ ಆಯಿತು. ಮನೆಗೆ ಬಂದು ಅತ್ತಾಗ ಗಂಡ, ಸೈಕಲ್ ರಿಪೇರಿ ಮಾಡುವವರು, ಟ್ಯೂಬನ್ನು ನೀರಲ್ಲಿ ಅದ್ದಿ ಪಂಕ್ಚರು ಹುಡುಕುತ್ತ ತಲೆಯೆತ್ತದೆ ಒಂದು ಮಾತು ಹೇಳಿದರಂತೆ: ಅಂಗಡಿ ಯಾಕೆ, ಕೆಟ್ಟ ಕಂಪ್ಯೂಟರು ಇರೋದು ಮನೆಗಳಲ್ಲಿ, ಅಲ್ಲಿಗೇ ಹೋಗು.

ಹೋದರು. ಮೊದಮೊದಲು ಬಾಗಿಲಲ್ಲೇ ನಿಲ್ಲಿಸಿ, ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳಿದವರಿದ್ದರು. ಈಗ ಬಿಡುವಿಲ್ಲ. ದಿನಕ್ಕೆ ನಾಲ್ಕೈದು ಮನೆ, ಪರೀಕ್ಷೆಯ ತಿಂಗಳುಗಳಲ್ಲಿ ಅದಕ್ಕೂ ಹೆಚ್ಚು. ದೂರದ ಗುರುವಿನ ಹತ್ತಿರ ಇಂಟರ್‌ನೆಟ್ಟಿನಲ್ಲೇ ಪಾಠ ಹೇಳಿಸಿಕೊಳ್ಳುವ ಪಿಟೀಲಿನ ವಿದ್ಯಾರ್ಥಿನಿ, ಉಪನ್ಯಾಸಗಳನ್ನು ಹಿಡಿದಿಟ್ಟು ಕೇಳಿಯೇ ಓದುವ ಕಣ್ಣು ಕಾಣದ ಕಾನೂನು ವಿದ್ಯಾರ್ಥಿ, ಮಕ್ಕಳ ಕಥೆಗಳನ್ನು ಕೂಡಿಡುವ ದಾದಿ ಎಲ್ಲರೂ ಇವರ ಗಿರಾಕಿಗಳು. ಮಾರಾಟಕ್ಕಿರುವ ಹಾಡುಗಳನ್ನು ಕದ್ದು ಇಳಿಸಿಕೊಡಿ ಎಂದರೆ ಮಾತ್ರ ಎದ್ದು ಸ್ಕೂಟರ್ ಹತ್ತುತ್ತಾರೆ.

"ನಮ್ಮ ಮನೆಯವ್ರು ಪಂಕ್ಚರ್ ಹುಡುಕೋ ಥರಾನೇ ನಾನೂ ಹುಡುಕೋದು. ಸದ್ದು ಎಲ್ಲಿಂದ ಹೊರಟು ಎಲ್ಲಿವರೆಗೆ ಬಂದಿದೆ, ಎಲ್ಲಿ ಸೋರಿ ಹೋಯ್ತು ಅಂತ ಒಂದೊಂದೇ ನೋಡ್ಬೇಕು. ಸುಮ್ಮನೆ ಎಲ್ಲಾ ಗುಂಡಿ ಒತ್ತಿದ್ರೆ ಇರೋದೂ ಹೋಗುತ್ತೆ."

ಈ ಮನೆಯಲ್ಲಿ ಮೊದಲ ಸೋರಿಕೆ ಬೇಗನೆ ಸಿಗುತ್ತದೆ. ರೆಕಾರ್ಡ್ ಮಾಡುವ ತಂತ್ರಾಂಶ ಸದ್ದನ್ನು ತೆಗೆದುಕೊಳ್ಳುತ್ತಿದ್ದುದು ಮೈಕಿನಿಂದ. ಮೈಕಿಗೆ ಕೋಣೆ ಕೇಳಿಸುತ್ತದೆಯೇ ಹೊರತು ಕಂಪ್ಯೂಟರಿನ ಒಳಗೆ ಹರಿಯುವ ರೇಡಿಯೋ ಅಲ್ಲ. ಒಳಗಿನ ಸದ್ದನ್ನೇ ನೇರವಾಗಿ ಹಿಡಿಯುವ ದಾರಿಗೆ ಸ್ಟೀರಿಯೋ ಮಿಕ್ಸ್ ಎಂದು ಹೆಸರು. ಸಾಧನಗಳ ಸಾಲಿನಲ್ಲಿ ಅದು ಕಾಣಲೇ ಇಲ್ಲವಲ್ಲ ಎಂದು ಅಳಿಯ ಗೊಣಗುತ್ತಾರೆ. ಸೌಂಡಕ್ಕ 'ಮುಚ್ಚಿಟ್ಟ ಸಾಧನಗಳನ್ನೂ ತೋರಿಸು' ಎಂಬಲ್ಲಿ ಒತ್ತುತ್ತಾರೆ. ಮಸುಕು ಬಣ್ಣದಲ್ಲಿ ಅದು ತಲೆಯೆತ್ತುತ್ತದೆ. ಅದನ್ನು ಚಾಲೂ ಮಾಡಿ, ಬೇರೊಂದು ರೇಡಿಯೋ ಹಾಕಿ, ಪರೀಕ್ಷೆಗೆಂದು ರೆಕಾರ್ಡ್ ಒತ್ತುತ್ತಾರೆ.

ಹಿಂದೆ ಮುಳ್ಳು ಮಾಡುತ್ತಿದ್ದ ಕೆಲಸ ಈಗ ತೆರೆಯ ಮೇಲಿನ ಹಸಿರು ಪಟ್ಟಿಯದು; ಸದ್ದು ಇಳಿಯುತ್ತಿದ್ದರೆ ಅದು ಕುಣಿಯಬೇಕು. ಪಟ್ಟಿ ಮಿಸುಕುವುದಿಲ್ಲ. ಮಗಳ ಮುಖ ಸಣ್ಣಗಾಗುತ್ತದೆ. ಹೊರಗೆ ಬೆಳಕು ಹರಿಯುತ್ತಿದೆ, ಪ್ರಸಾರ ಇನ್ನೇನು ಶುರುವಾಗಬೇಕು.

ಸೌಂಡಕ್ಕ ಅವಸರ ಮಾಡುವುದಿಲ್ಲ. ಸದ್ದು ಹೊರಬರುವ ದಾರಿ ಯಾವುದೆಂದು ನೋಡುತ್ತಾರೆ. ಕಂಪ್ಯೂಟರು ಇನ್ನೂ ನಿನ್ನೆಯ ಹೆಡ್‌ಫೋನಿಗೇ ಸದ್ದು ಕಳಿಸುತ್ತಿದೆ. ಸ್ಟೀರಿಯೋ ಮಿಕ್ಸ್ ಹಿಡಿಯುವುದು ಕಂಪ್ಯೂಟರಿನ ಸ್ವಂತ ಸೌಂಡ್ ಕಾರ್ಡಿನ ಮೂಲಕ ಹೋಗುವುದನ್ನು ಮಾತ್ರ. ಬ್ಲೂಟೂತಿನ ಸದ್ದು ಹಿತ್ತಲ ಬಾಗಿಲಿನಿಂದ ಜಾರಿಹೋಗುತ್ತದೆ. ಹೆಡ್‌ಫೋನನ್ನು ಆರಿಸಿ ಸ್ಪೀಕರಿಗೆ ಬದಲಾಯಿಸಿದ್ದೇ ತಡ, ಪಟ್ಟಿ ಎದ್ದು ಕುಣಿಯತೊಡಗುತ್ತದೆ. ಕುಣಿತ ಹೆಚ್ಚಾಗಿ ಕೆಂಪಿಗೆ ತಾಗುತ್ತದೆ. ಅವರು ಮಟ್ಟ ಇಳಿಸುತ್ತಾರೆ. ಮೆಸೇಜು ಬಂದಾಗ ಟಿಣ್ ಎನ್ನುವುದನ್ನು ನಿಲ್ಲಿಸುತ್ತಾರೆ, ಕಂಪ್ಯೂಟರು ನಡುವೆ ನಿದ್ದೆ ಹೋಗದಂತೆ ಮಾಡುತ್ತಾರೆ. ಪರೀಕ್ಷೆಯ ತುಣುಕನ್ನು ಹಾಕಿ ಕೇಳಿಸುತ್ತಾರೆ. ಸ್ಫಟಿಕದಂತಿದೆ.

ಪ್ರಸಾರ ಶುರುವಾಗುತ್ತದೆ, ರೆಕಾರ್ಡ್ ಒತ್ತಿಯಾಗಿದೆ. ನಡೆಸಿಕೊಡುವವರು ಮಂಜಿನ ದಿನದ ಬಗ್ಗೆ ಪೀಠಿಕೆ ಹಾಕುತ್ತಿದ್ದಾರೆ. ಇದ್ದಕ್ಕಿದ್ದಂತೆ ಸ್ಪೀಕರು ಮುನಿಸಿಕೊಂಡಂತೆ ಸುಮ್ಮನಾಗುತ್ತದೆ. ರೇಡಿಯೋನೇ ನಿಂತುಹೋಯಿತು ಎಂದು ಮಗಳು ಪುಟವನ್ನು ಮುಚ್ಚಿ ತೆರೆಯಲು ಕೈಚಾಚುತ್ತಾರೆ. ಸೌಂಡಕ್ಕ ಆ ಕೈಯನ್ನು ಹಿಡಿದುಕೊಳ್ಳುತ್ತಾರೆ. ಪುಟದಲ್ಲಿ ಸಮಯದ ಅಂಕಿ ಓಡುತ್ತಲೇ ಇದೆ, ಪಟ್ಟಿ ಮಾತ್ರ ಮಲಗಿದೆ. ಅಂದರೆ ಸದ್ದು ಬರುತ್ತಿದೆ, ದಾರಿ ತಪ್ಪಿದೆ. ಅವರು ತಿರುಗಿ ಅಳಿಯನನ್ನು ನೋಡುತ್ತಾರೆ. ಏನೂ ತೋಚದೆ ಕೂತಿದ್ದ ಅಳಿಯ, ಎತ್ತಿಡೋಣವೆಂದು ಹೆಡ್‌ಫೋನನ್ನು ಕೈಗೆ ತೆಗೆದುಕೊಂಡಿದ್ದಾರೆ. ಬೆರಳು ಗುಂಡಿಗೆ ತಾಗಿ ಅದು ಮತ್ತೆ ಚಾಲೂ ಆಗಿದೆ, ನೀಲಿ ದೀಪ ಮಿನುಗುತ್ತಿದೆ; ಸದ್ದೆಲ್ಲ ಅತ್ತ ಹರಿದಿದೆ.

"ಅದನ್ನ ಆಫ್ ಮಾಡಿ, ನಿಮ್ಮ ಎರಡೂ ಕೈ ಮೇಜಿನ ಮೇಲಿಡಿ," ಎನ್ನುತ್ತಾರೆ ಸೌಂಡಕ್ಕ, ಶಾಂತವಾಗಿ.

ಅಳಿಯ ಶಾಲೆಯ ಹುಡುಗನಂತೆ ಎರಡೂ ಕೈ ಇಡುತ್ತಾರೆ. ಸದ್ದು ಸ್ಪೀಕರಿಗೆ ಮರಳುತ್ತದೆ. ಪಟ್ಟಿ ಏಳುತ್ತದೆ. ತಪ್ಪಿಹೋದದ್ದು ಪೀಠಿಕೆಯ ನಾಲ್ಕು ಮಾತು ಮಾತ್ರ. ಮರುಕ್ಷಣವೇ ನಿಲ್ದಾಣದ ಗದ್ದಲ, ಅದರ ಮೇಲೆ ತೇಲಿ ಬರುವ ಹೆಣ್ಣುದನಿ, ತುಂಬಿದ್ದು, ಸ್ವಲ್ಪ ಒರಟು, ಎಲ್ಲೂ ಅವಸರವಿಲ್ಲದ್ದು.

"ಪ್ರಯಾಣಿಕರ ಗಮನಕ್ಕೆ. ನಿಮ್ಮ ಗಾಡಿ ಎಲ್ಲಿದೆ ಎಂದು ಸದ್ಯಕ್ಕೆ ನನಗೂ ಗೊತ್ತಿಲ್ಲ. ಗೊತ್ತಾದ ಕೂಡಲೇ ಮೊದಲು ನಿಮಗೇ ಹೇಳುತ್ತೇನೆ. ಮಕ್ಕಳಿರುವವರು ಒಳಗಿನ ಕೋಣೆಗೆ ಬನ್ನಿ, ಅಲ್ಲಿ ಬೆಚ್ಚಗಿದೆ. ನಾನು ಇಲ್ಲೇ ಇರುತ್ತೇನೆ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಮೇಜಿನ ಮೇಲಿಟ್ಟ ಕೈ ತೆಗೆಯುವ ಧೈರ್ಯ ಅಳಿಯನಿಗಿಲ್ಲ; ಕೆನ್ನೆಯ ಮೇಲೆ ಇಳಿಯುವುದನ್ನು ಒರೆಸಿಕೊಳ್ಳದೆ ಹಾಗೇ ಅತ್ತೆಯ ಕಡೆ ನೋಡುತ್ತಿದ್ದಾರೆ. ಅತ್ತೆ ಕಣ್ಣುಮುಚ್ಚಿಕೊಂಡಿದ್ದಾರೆ. ಅವರ ತುಟಿಗಳು ಆ ದನಿಯ ಜೊತೆಜೊತೆಗೇ ಅಲುಗುತ್ತಿವೆ, ಒಂದು ಅಕ್ಷರವೂ ಹಿಂದೆ ಬೀಳದಂತೆ. ಈ ಮನೆಯಲ್ಲಿ ಸೌಂಡಕ್ಕನ ಕಣ್ಣು ಮಾತ್ರ ಕೊನೆಯವರೆಗೂ ಪಟ್ಟಿಯ ಮೇಲಿದೆ.

ಪ್ರಸಾರ ಮುಗಿಯುತ್ತದೆ. ಫೈಲನ್ನು ಉಳಿಸಿ, ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ ಹಾಕಿ ನೋಡುತ್ತಾರೆ. ಎಲ್ಲ ಕಡೆ ಸದ್ದು ತುಂಬಿದೆ. ಮಗಳ ಫೋನಿಗೆ, ಅಳಿಯನ ಫೋನಿಗೆ, ಒಂದು ಪೆನ್‌ಡ್ರೈವಿಗೆ ನಕಲು ಹಾಕುತ್ತಾರೆ. ಒಂದೇ ಕಡೆ ಇಟ್ಟದ್ದನ್ನು ಇಟ್ಟಂತೆ ಲೆಕ್ಕವೇ ಇಲ್ಲ ಎನ್ನುವುದು ಅವರ ಸಿದ್ಧಾಂತ. ಆಮೇಲೆ ಮನೆ ಮಂದಿಯೆಲ್ಲ ಕೂತು ಮೊದಲಿಂದ ಕೇಳುತ್ತಾರೆ. ಅಳಿಯ ಒಂದೊಂದು ಪ್ರಕಟಣೆಗೂ ತಲೆದೂಗುತ್ತಾರೆ. ಈ ದನಿಯಲ್ಲಿ ಬೈಸಿಕೊಂಡರೂ ಚೆನ್ನಾಗಿಯೇ ಇರುತ್ತಿತ್ತು ಎನ್ನುತ್ತಾರೆ. ಅತ್ತೆ ಮೇಜು ಕುಟ್ಟಿ, ಫೋನಿನಲ್ಲಿ ಬರೆದು ತೋರಿಸುತ್ತಾರೆ: ಹೆಡ್‌ಫೋನು ಮುಟ್ಟಿದ್ದಕ್ಕೆ ಬೈಯುವುದು ಬಾಕಿಯಿದೆ. ಮನೆ ನಗೆಯಲ್ಲಿ ಮುಳುಗುತ್ತದೆ.

ನಗು ತಗ್ಗಿದ ಮೇಲೆ ಆ ತಾಯಿ ಮತ್ತೊಂದು ಸಾಲು ಬರೆದು ಫೋನನ್ನು ಸೌಂಡಕ್ಕನ ಮುಂದೆ ಹಿಡಿಯುತ್ತಾರೆ. ಎಲ್ಲರ ಸದ್ದೂ ಹಿಡಿದುಕೊಡುತ್ತೀಯಲ್ಲ, ನಿನ್ನ ದನಿ ಯಾರ ಹತ್ತಿರ ಇದೆ?

ಸೌಂಡಕ್ಕ ಯೋಚಿಸುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿಲ್ಲ, ಅವರಿಗೂ ಹೊಳೆದಿಲ್ಲ. ಯಾರ ಹತ್ತಿರವೂ ಇಲ್ಲಮ್ಮ ಎಂದು ಒಪ್ಪಿಕೊಳ್ಳುತ್ತಾರೆ. ಹಿರಿಯರು ಅವರ ಭುಜ ಒತ್ತಿ ಕುರ್ಚಿಯಲ್ಲಿ ಕೂರಿಸುತ್ತಾರೆ, ಮಗಳಿಗೆ ಸನ್ನೆ ಮಾಡುತ್ತಾರೆ. ಮಗಳು ತನ್ನ ಫೋನಿನಲ್ಲಿ ರೆಕಾರ್ಡ್ ಒತ್ತಿ ಎದುರಿಗೆ ಇಡುತ್ತಾರೆ. ಏನು ಹೇಳಲಿ ಎಂದು ಸೌಂಡಕ್ಕ ತಡವರಿಸುತ್ತಾರೆ. ಹಿರಿಯರು ಬೆನ್ನು ನೆಟ್ಟಗೆ ಮಾಡಿಕೊಂಡು, ಗಲ್ಲ ಎತ್ತಿ ತೋರಿಸುತ್ತಾರೆ: ಹೀಗೆ ಕೂತು ಹೇಳು. ಸೌಂಡಕ್ಕನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ನಾನು ಸೌಂಡ್ ಸರಿ ಮಾಡೋಳು. ಒಂದು ಕಿವಿ ಕೇಳಿಸಲ್ಲ. ಇವತ್ತು ಬೆಳಿಗ್ಗೆ ಒಂದು ದನಿ ಹಿಡಿದೆ, ಒಂದು ಅಕ್ಷರಾನೂ ಬಿಡ್ಲಿಲ್ಲ."