ಎಲ್ಲರ ಷಟರ್ ಎತ್ತುವ ಅಂಕಯ್ಯನಿಗೆ ಸ್ವಂತ ಮನೆಯ ಜಗಲಿಯೇ ಗತಿ

ಹೊಂಗನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಂಚಯ್ಯನವರ ಹೊಸ ಮನೆಯ ಕಾರ್ ಶೆಡ್ಡಿನ ಮುಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆಗಳು ಬಿದ್ದಿವೆ. ಶೆಡ್ಡಿನ ಷಟರ್ ಮಾತ್ರ ಜಪ್ಪಯ್ಯ ಎಂದರೂ ಏಳುತ್ತಿಲ್ಲ. ಒಳಗಿರುವುದು ಕಾರಲ್ಲ, ರೇಷ್ಮೆಹುಳು. ನಾಲ್ಕನೇ ಜ್ವರದಿಂದ ಎದ್ದ ಹುಳು. ಹುಳು ಪೊರೆ ಬಿಡುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಈ ಕೊನೆಯ ಜ್ವರ ಬಿಟ್ಟ ಮೇಲೆ ಅದಕ್ಕೆ ಬರುವ ಹಸಿವು ಅಷ್ಟಿಷ್ಟಲ್ಲ. ಮನೆಯೊಳಗೆ ಜಾಗ ಸಾಲದೆ ಹುಳು ಸಾಕುವ ತಟ್ಟೆಗಳನ್ನು ಶೆಡ್ಡಿಗೆ ತಂದಿಟ್ಟಿದ್ದಾರೆ. ಆ ಹುಳುವಿನ ಪುಣ್ಯದಿಂದಲೇ ಬಂದ ಫಿಯೆಟ್ ಕಾರು ಹೊಂಗೆಮರದ ಕೆಳಗೆ ಅನಾಥವಾಗಿ ನಿಂತಿದೆ.

ಮಂಚಯ್ಯ ಕೋಳಿ ಕೂಗುವ ಹೊತ್ತಿಗೇ ರಾಮನಗರಕ್ಕೆ ಬೈಕ್ ಓಡಿಸಿ, ಷಟರ್ ರಿಪೇರಿಯ ಅಂಕಯ್ಯನವರನ್ನು ಹಿಂದೆ ಕೂರಿಸಿಕೊಂಡು ಬಂದಿದ್ದಾರೆ. ಐವತ್ತರ ಆಸುಪಾಸಿನ ಕಡ್ಡಿಯಂಥ ಆಳು. ಪಕ್ಕದ ಮನೆಗೆ ನೆಂಟನಾಗಿ ಬಂದಿರುವ ನಾನು ಗಲಾಟೆ ಕೇಳಿ ಎದ್ದು ಬಂದಿದ್ದೇನೆ. ಬಂದವರು ಷಟರ್ ಮುಟ್ಟುವುದನ್ನು ಬಿಟ್ಟು ಬಿಸಿನೀರು, ಸೀಗೆಪುಡಿ ಕೇಳುತ್ತಾರೆ! ಎಣ್ಣೆಡಬ್ಬ ಇರುವ ಚೀಲವನ್ನು ದೂರದ ಮರಕ್ಕೆ ನೇತುಹಾಕುತ್ತಾರೆ. ಅಂಗಿ ಕಳಚಿ, ಮೊಣಕೈತನಕ ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಹಾರೆಯನ್ನೂ ಬೂದಿ ಹಾಕಿ ಉಜ್ಜುತ್ತಾರೆ. ಮಂಚಯ್ಯನವರಿಗೆ ಜೀವದಲ್ಲಿ ಜೀವವಿಲ್ಲ.

"ಬೇಗ ಎತ್ತಯ್ಯ ಅಂಕಯ್ಯ, ಹುಳ ಹಸ್ಕಂಡವೆ!"

"ಒಸಿ ತಡ್ಕಳಿ. ಹಸ್ಕಂಡ್ರೂ ಬದುಕ್ತವೆ, ನನ್ ಕೈ ವಾಸ್ನೆ ಕುಡುದ್ರೆ ಬದುಕಲ್ಲ."

ಸ್ಪ್ರಿಂಗು ತುಂಡಾಗಿದೆ. ಷಟರಿನ ಪೂರ್ತಿ ಭಾರ ನೆಲದ ಮೇಲೆ ಕೂತಿದೆ. ಷಟರ್ ಜಾರುವ ಪಕ್ಕದ ಚಾನೆಲ್ಲುಗಳಿಗೆ ಅಂಕಯ್ಯ ಎಣ್ಣೆ ಬಿಡುವುದಿಲ್ಲ, ಮೊಂಬತ್ತಿಯ ತುಂಡಿನಿಂದ ಉಜ್ಜುತ್ತಾರೆ. ಆಮೇಲೆ ಎರಡು ಕಡೆಯೂ ಹಾರೆ ಕೊಟ್ಟು, ಮೀಟಿ, ಸೌದೆತುಂಡು ಸಿಕ್ಕಿಸಿ, ಮತ್ತೆ ಮೀಟಿ. ಮೊಣಕಾಲೆತ್ತರ ಸಂದಿ ಬಿದ್ದದ್ದೇ ತಡ, ಮಂಚಯ್ಯನವರ ತಾಯಿ ಮುನಿತಾಯಮ್ಮ ಸೀರೆ ಬಿಗಿದು ಕಟ್ಟಿ ಒಳಗೆ ನುಸುಳುತ್ತಾರೆ. ಹೊರಗಿನವರು ಸೊಪ್ಪು ತಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಸಣ್ಣಗೆ ಸರಬರ ಶುರುವಾಗುತ್ತದೆ. ಮಳೆ ಬಂತೇನೋ ಎಂದು ನಾನು ಪೆದ್ದನ ಹಾಗೆ ಆಕಾಶ ನೋಡುತ್ತೇನೆ. ಹುಳು ಸೊಪ್ಪು ಮೇಯುತ್ತಿರುವ ಸದ್ದು ಅದು. ಅಂಕಯ್ಯ ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಾರೆ. ಹೊರಗೆ ಬಂದ ಮುನಿತಾಯಮ್ಮ ಕಾಫಿ ತಂದು ಎರಡು ಸಲ ಕರೆದರೂ ಅವರಿಗೆ ಕೇಳಿಸುವುದಿಲ್ಲ. ಆ ಮುಖ ನೋಡಿದ ಮೇಲೆಯೇ ಇವರ ಬಗ್ಗೆ ಬರೆಯಬೇಕು ಎಂದು ನನಗೆ ಅನಿಸಿದ್ದು.

ಎಂಬತ್ತನೇ ಇಸವಿಯಿಂದೀಚೆಗೆ ನಮ್ಮ ಸೀಮೆಯಲ್ಲಿ ರೇಷ್ಮೆಗೂಡಿಗೆ ಬೆಲೆ ಬಂದದ್ದೇ ಬಂದದ್ದು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಕಡೆ ಮನೆಗಳ ಮುಖವೇ ಬದಲಾಗಿದೆ. ಕಾರು ಬರುವ ಮೊದಲೇ ಕಾರ್ ಶೆಡ್ಡು ಎದ್ದಿರುತ್ತದೆ. ಶೆಡ್ಡೆಂದ ಮೇಲೆ ಷಟರ್ ಬೇಕೇ ಬೇಕು, ಇಲ್ಲದಿದ್ದರೆ ಬೀಗರ ಮುಂದೆ ಮರ್ಯಾದೆ ಹೋಗುತ್ತದೆ. ಅದು ಕೆಟ್ಟಾಗ ಮಾತ್ರ ಈ ಸಾಹುಕಾರರು ಕಣ್ಣುಕಣ್ಣು ಬಿಡುತ್ತಾರೆ. ಎಷ್ಟು ಕೊಡಬೇಕು ಎಂಬುದು ಒಬ್ಬರಿಗೂ ಗೊತ್ತಿಲ್ಲ. ಪೇಟೆಯಿಂದ ಬಂದ ಬೇರೆ ರಿಪೇರಿಯವರು ಹೊರಗಿನಿಂದಲೇ ಒಂದು ನೋಟ ನೋಡಿ, ಪೂರ್ತಿ ಷಟರನ್ನೇ ಬದಲಿಸಬೇಕು, ಸಾವಿರದ ಮೇಲಾಗುತ್ತದೆ ಎಂದುಬಿಡುತ್ತಾರೆ.

ಅಂಕಯ್ಯನವರ ಲೆಕ್ಕ ಬೇರೆ. ಚಾನೆಲ್ಲಿನಲ್ಲಿ ಮಣ್ಣು ಕೂತು ಬಿಗಿಯಾಗಿದ್ದರೆ ಹತ್ತೋ ಹದಿನೈದೋ ರೂಪಾಯಿ. ಪಟ್ಟಿ ನೆಗ್ಗಿದ್ದರೆ ಆ ಪಟ್ಟಿಯ ಬೆಲೆ, ಮೇಲೆ ಅರ್ಧ ದಿನದ ಕೂಲಿ. ಸ್ಪ್ರಿಂಗು ಹೋದರೆ ಎಲ್ಲ ಸೇರಿ ನೂರರ ಮೇಲೆ ಸ್ವಲ್ಪ. ಬುಡದ ತಗಡು ತುಕ್ಕು ತಿಂದು ಉದುರುವತನಕ ಹೊಸ ಷಟರಿನ ಮಾತೇ ಎತ್ತಬಾರದು. "ಸ್ಪ್ರಿಂಗು ಮುರುದ್ರೆ ಸ್ಪ್ರಿಂಗಿಗೆ ಕಾಸು ಕೊಡಿ. ಷಟರಿಗೆಲ್ಲ ಯಾಕೆ ಕೊಟ್ಟೀರಿ?" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಮನೆಯ ಹೆಂಗಸರನ್ನು ಕರೆದು ಒಂದೇ ಕೈಯಲ್ಲಿ ಎತ್ತಿ ಇಳಿಸಲು ಹೇಳುತ್ತಾರೆ. ಅವರ ಕೈಗೆ ಹಗುರಾದರೆ ಮಾತ್ರ ಕೂಲಿ. ಹೊಂಗನೂರಿನಲ್ಲಿ ಅವತ್ತು ಕಾಸು ಮುಟ್ಟಲಿಲ್ಲ. ಸ್ಪ್ರಿಂಗು ಹಾಕಲು ಒಳಗೆ ಹೋಗಬೇಕು, ಹುಳು ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಗುವತನಕ ಒಳಗೆ ಕಾಲಿಡುವುದಿಲ್ಲ ಎಂದು, ಷಟರಿಗೆ ಗೂಟ ಕೊಟ್ಟು, ಸಂದಿಗೆ ನೊಣದ ಬಲೆ ಕಟ್ಟಿಸಿ ಹೊರಟರು.

ರಾಮನಗರದಲ್ಲಿ ಅವರಿರುವುದು ಗೂಡು ಬೇಯಿಸಿ ನೂಲು ಬಿಚ್ಚುವ ಖಲಂದರ್ ಸಾಬರ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಗೂಡು ಬೇಯುವ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ ಖಲಂದರ್ ನಗುತ್ತಾರೆ. "ಈ ಆದ್ಮಿಗೆ ಕೂಟಗಲ್‌ನಾಗೆ ಸ್ವಂತ ಮನೆ ಐತೆ ಸಾಬ್, ಚೆಂದ ಮನೆ. ಹೋಗಯ್ಯ ಅಂದ್ರೆ ಹೋಗೋದಿಲ್ಲ. ಬೀವಿ ಜೊತೆ ಜಗಳಾನೂ ಇಲ್ಲ!"

ಜಗಳವಿಲ್ಲ ನಿಜ. ಇರುವುದು ಒಂದು ಹಳೆಯ ಸಂಕಟ. ಅಂಕಯ್ಯನವರ ಹೆಂಡತಿ ಪುಟ್ಟಲಕ್ಷ್ಮಮ್ಮ ಕೂಟಗಲ್ಲಿನ ಮನೆಯಲ್ಲಿ ಹುಳು ಸಾಕುತ್ತಾರೆ. ಮನೆಯೇ ಹುಳುಮನೆ. ಇರುವ ಎರಡು ಅಂಕಣದಲ್ಲೂ ತಟ್ಟೆಗಳು, ಮಿಕ್ಕ ಮೂಲೆಯಲ್ಲಿ ಒಲೆ. ಅಂಕಯ್ಯ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಮನೆಗೆ ಬಂದರೆ ಹೆಂಡತಿಗೆ ಮೈ ಕೆಂಡದಂತೆ ಸುಡುತ್ತಿತ್ತು. ಹುಳು ಕೊನೆಯ ಜ್ವರದಿಂದ ಎದ್ದು ಕೂತಿತ್ತು. ನೀನು ಮಲಗು, ನಾನು ಸೊಪ್ಪು ಹಾಕುತ್ತೇನೆ ಎಂದರು. ಗ್ರೀಸಿನ ಕೈ ಹುಳುವಿಗೆ ಆಗದು ಎಂದು ಹುಷಾರಾಗಿ, ಒಂದು ಕಲೆಯೂ ಉಳಿಯದಂತೆ ಕೈ ತೊಳೆದರು. ತೊಳೆದದ್ದು ಸೀಮೆಎಣ್ಣೆಯಲ್ಲಿ. ವರ್ಕ್‌ಷಾಪಿನಲ್ಲಿ ಎಲ್ಲರೂ ಹಾಗೇ ತೊಳೆಯುವುದು.

"ಸೊಪ್ಪು ಹಾಕ್ದೆ ಸಾಮಿ. ಒಂದೂ ಬಾಯಿ ಹಾಕ್ಲಿಲ್ಲ. ಎಲ್ಲಾ ತಲೆ ಎತ್ಕಂಡು ಸುಮ್ಕೆ ನಿಂತ್ಕಂಡ್ವು. ನನ್ನೇ ನೋಡ್ತಾವೇನೋ ಅನ್ನುಸ್ತು." ಆ ಬೆಳೆ ಪೂರ್ತಿ ತಿಪ್ಪೆಗೆ ಹೋಯಿತು. ಪುಟ್ಟಲಕ್ಷ್ಮಮ್ಮ ಜ್ವರದಲ್ಲೇ ಎದ್ದು ತಟ್ಟೆ ಬಳಿದು ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಂಕಯ್ಯ. ಅಂದಿನಿಂದ ಹುಳು ಇರುವಾಗ ಅವರು ತಮ್ಮ ಮನೆಯ ಹೊಸಿಲು ದಾಟಿಲ್ಲ. ಹೆಂಡತಿ ಹಾಕಿದ ಕಟ್ಟಲ್ಲ ಅದು, ತಾವೇ ಹಾಕಿಕೊಂಡದ್ದು.

ಗೂಡು ಮಾರ್ಕೆಟ್ಟಿಗೆ ಹೋಗಿ, ಮನೆಗೆ ಸುಣ್ಣ ಬಳಿದು, ಹೊಸ ಮೊಟ್ಟೆ ಬರುವತನಕ ಕೆಲವು ದಿನ ಮನೆ ಖಾಲಿ ಇರುತ್ತದೆ. ಆಗ ಹೋಗಿ ಇದ್ದು ಬರುತ್ತಾರೆ. ಆಗಲಾದರೂ ಸುಖವಾಗಿ ನಿದ್ದೆ ಬರುತ್ತದಾ ಎಂದು ಕೇಳಿದೆ.

"ಎಲ್ ಬತ್ತದೆ? ನಮ್ಮವ್ವ ಹುಳ ಸಾಕ್ತಿದ್ಳು. ತಟ್ಟೆ ಅಡೀಲೇ ನಾನು ಮಲಗ್ತಿದ್ದೆ. ಆ ಸದ್ದು ಕೇಳ್ಕಂಡೇ ಬೆಳ್ದೋನು. ಈಗ ನೋಡಿ, ನಾನು ಒಳಗಿದ್ರೆ ಹುಳ ಇರಲ್ಲ, ಹುಳ ಇದ್ರೆ ನಾನು ಒಳಗಿರಲ್ಲ. ಕಂಡೋರ ಮನೆ ಬಾಗ್ಲಲ್ಲಿ ಕೂತ್ಕಂಡು ಕೇಳ್ಬೇಕು." ಇಷ್ಟು ಹೇಳಿ ಎದ್ದು ಹೋಗಿ, ಬಾಗಿದ ಪಟ್ಟಿಯೊಂದನ್ನು ಬಡಿಯತೊಡಗುತ್ತಾರೆ.

ಭಾನುವಾರ ಅವರ ಜೊತೆ ಕೂಟಗಲ್ಲಿಗೆ ಹೋಗುತ್ತೇನೆ. ಮನೆಯಲ್ಲಿ ಹುಳು ಮೇವಿನ ಭರದಲ್ಲಿದೆ. ಹುಣಸೆಮರಕ್ಕೆ ಚೀಲ ನೇತುಹಾಕಿ, ತೊಟ್ಟಿಯ ಹತ್ತಿರ ಸ್ನಾನವನ್ನೇ ಮಾಡಿ, ಒಗೆದ ಪಂಚೆ ಉಟ್ಟು ಬಂದರೂ ಅಂಕಯ್ಯ ಕೂರುವುದು ಜಗಲಿಯ ತುದಿಯಲ್ಲಿ. ಗೋಡೆ ದಪ್ಪ, ಒಳಗಿನ ಸದ್ದು ಹೊರಗೆ ಬರುವುದಿಲ್ಲ. ಒಂದು ಬೆಳೆಯ ಮಟ್ಟಿಗೆ ಕೆಲಸ ಬಿಟ್ಟು, ಕೈಯ ವಾಸನೆ ಕಳೆದುಕೊಂಡು ಮನೆಯಲ್ಲೇ ಇರಬಾರದೇ ಎಂದು ನಾನು ರೇಗುತ್ತೇನೆ.

"ಅದೇ ಆಸೆ ಸಾಮಿ. ಒಂದೇ ಒಂದು ಬೆಳೆ. ಆದ್ರೆ ಷಟರ್ ಕೆಟ್ಟೋಗೋದು ಯಾವಾಗ? ಹುಳ ಒಳಗಿರೋವಾಗ್ಲೇ. ನಾನಿಲ್ಲಿ ಕೂತ್ರೆ ಹೊಂಗನೂರ್ನಲ್ಲಿ ಅವು ಉಪಾಸ ಸಾಯ್ತವೆ. ಅವು ಏನ್ ಮಾಡವೆ, ಪಾಪ."

ಪುಟ್ಟಲಕ್ಷ್ಮಮ್ಮ ಮುದ್ದೆ, ಅವರೆಕಾಳಿನ ಸಾರು ತಂದಿಡುತ್ತಾರೆ. ನಮ್ಮ ಮಾತು ಅವರ ಕಿವಿಗೆ ಬಿದ್ದಿದೆ. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಅದು ಯಾವ ಕಡೆ ಹಾರುತ್ತದೆ ಎಂದು ಒಂದು ಗಳಿಗೆ ನೋಡುತ್ತಾರೆ. ಒಳಗೆ ಹೋಗುತ್ತಾರೆ. ಜಗಲಿಗೆ ಹೊಂದಿಕೊಂಡ ಕಿಟಕಿಯ ಹಲಗೆ ಕಿರ್ರೆಂದು ತೆರೆಯುತ್ತದೆ. ಕಿಟಕಿಗೆ ಕಟ್ಟಿದ ನೊಣದ ಬಲೆಯ ಆಚೆ ತಟ್ಟೆಗಳು ಕಾಣುತ್ತವೆ.

ಅಂಕಯ್ಯ ಹೌಹಾರಿ ಇನ್ನೂ ಹಿಂದಕ್ಕೆ ಸರಿಯುತ್ತಾರೆ. "ಮುಚ್ಚೇ, ಮುಚ್ಚು! ನನ್ ವಾಸ್ನೆ ಹೊಡೀತದೆ!"

"ಗಾಳಿ ಒಳಗಿಂದ ನಿಮ್ ಕಡೀಕೆ ಬೀಸ್ತಾ ಐತೆ. ನೋಡ್ಕಂಡೇ ತಗ್ದಿವ್ನಿ. ಸುಮ್ಕೆ ಉಣ್ಣಿ."

ಅಂಕಯ್ಯ ಮುರಿದ ಮುದ್ದೆಯ ತುತ್ತು ಕೈಯಲ್ಲೇ ಉಳಿಯುತ್ತದೆ. ಕಿಟಕಿಯಿಂದ ಆ ಸರಬರ ಸದ್ದು ಬರುತ್ತಿದೆ. ಹೊಂಗನೂರಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ತಿಳಿಯುವುದಿಲ್ಲ. ಅಂಕಯ್ಯ ಮಾತ್ರ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಕೇಳುಸ್ತಾ ಸಾಮಿ? ಇದು ನಮ್ಮನೇದು."